ಮದುವೆ ಯಾರಿಗೆ ಆಸರೆ?

ನಮ್ಮ ಸಭೆಗಳಲ್ಲಿ ಮದುವೆಯ ಮಾತು ಬಂದಾಗಲೆಲ್ಲ ಕೇಳಿಬರುವ ಒಂದು ವಾಕ್ಯವಿದೆ. ಗದಗ-ಬೆಟಗೇರಿಯ ಓದುಬಲ್ಲ ಮನೆತನಗಳಲ್ಲೂ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳ ಬಡ ಕುಟುಂಬಗಳಲ್ಲೂ ಅದು ಒಂದೇ ಧಾಟಿಯಲ್ಲಿ ಕೇಳುತ್ತದೆ: "ಹೆಣ್ಣಿಗೆ ಒಂದು ಆಸರೆ ಆಗಬೇಕಲ್ಲ." ತಂದೆ ಹೇಳುತ್ತಾನೆ, ತಾಯಿ ಹೇಳುತ್ತಾಳೆ, ಬೀಗರು ತಲೆಯಾಡಿಸುತ್ತಾರೆ. ಸಭಾಪಾಲಕರು ವಿವಾಹಾರಾಧನೆಯ ಬೋಧನೆಯಲ್ಲಿ ಅದನ್ನೇ ಇನ್ನಷ್ಟು ಗಂಭೀರವಾದ ಮಾತುಗಳಲ್ಲಿ ಹೇಳುತ್ತಾರೆ. ನಾನೂ ಹಲವು ವರ್ಷ ಹೇಳಿದ್ದೇನೆ. ಇಂದು ಅದೇ ವಾಕ್ಯದ ವಿರುದ್ಧ ಬರೆಯಲು ಕುಳಿತಿದ್ದೇನೆ. ಕೆಲವು ಹಿರಿಯರಿಗೆ ಇದು ಹಿಡಿಸಲಾರದು. ಅವರಲ್ಲಿ ಮೊದಲೇ ಕ್ಷಮೆ ಕೇಳುವ ಮನಸ್ಸು ಮಾತ್ರ ನನಗಿಲ್ಲ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. 1988ನೆಯ ಇಸವಿ. ಆಗಿನ್ನೂ ನಮ್ಮದು ಧಾರವಾಡ ಜಿಲ್ಲೆಯೇ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕ, ಒಂದು ಸಣ್ಣ ಸಭೆಯ ಸಮಿತಿಯ ಕಾರ್ಯದರ್ಶಿ. ಹಿಂದಿನ ವರ್ಷದ ಬರದಲ್ಲಿ ಎರೆಹೊಲಗಳಲ್ಲಿ ಬಿತ್ತಿದ್ದು ಕೈಗೆ ಬಂದಿರಲಿಲ್ಲ. ತುಂಗಭದ್ರೆಯ ಕಡೆಯ ಒಂದು ಹಳ್ಳಿಯಿಂದ ನಮ್ಮ ಸಭೆಯ ಸದಸ್ಯನೊಬ್ಬ ಸಾಯಂಕಾಲ ಮನೆಗೆ ಬಂದು ಹೊಸ್ತಿಲ ಹೊರಗೇ ಕುಳಿತ. ಹೆಂಡತಿ, ಇಬ್ಬರು ಗಂಡುಮಕ್ಕಳೊಂದಿಗೆ ಗೋವೆಗೆ ಗುಳೆ ಹೊರಟಿದ್ದ. "ಮಾಸ್ತರ್ರ, ಹುಡುಗಿನ್ನ ಎಲ್ಲಿ ಬಿಡ್ಲಿರಿ? ಸಂಗಾಟ ಒಯ್ದರ ಅಲ್ಲಿ ಗುಡಿಸಲದಾಗ ಹೆಂಗ ಇಡ್ಲಿ? ಇಲ್ಲಿ ಬಿಟ್ಟರ ಯಾರ್ ನೋಡ್ತಾರ? ಒಂದು ಸಂಬಂಧ ಬಂದೈತಿ. ಅಕಿಗೊಂದು ಆಸರ ಆದರ ನಾ ನಿಶ್ಚಿಂತಿಲೆ ಹೊಕ್ಕೀನಿ." ಹುಡುಗಿಯ ವಯಸ್ಸು ಹದಿನೆಂಟು ಎಂದು ಸಭೆಯಿಂದ ಒಂದು ಪತ್ರ ಬೇಕಾಗಿತ್ತು. ದೀಕ್ಷಾಸ್ನಾನದ ದಾಖಲೆ ಪುಸ್ತಕ ನನ್ನ ವಶದಲ್ಲೇ ಇತ್ತು. ಅದರಲ್ಲಿ ಅವಳ ಜನನ 1974 ಎಂದಿತ್ತು. ಹದಿನಾಲ್ಕು ವರ್ಷ.

ನಾನು ಪತ್ರ ಬರೆದುಕೊಟ್ಟೆ. 1970 ಎಂದು ಬರೆದೆ.

ಆ ಮನುಷ್ಯ ದುಷ್ಟನಲ್ಲ. ಅವನ ಭಯ ಸುಳ್ಳೂ ಆಗಿರಲಿಲ್ಲ. ಗುಳೆ ಹೋದ ಕುಟುಂಬಗಳ ಹೆಣ್ಣುಮಕ್ಕಳು ರಸ್ತೆ ಕೆಲಸದ, ಕಟ್ಟಡ ಕೆಲಸದ ಜಾಗಗಳಲ್ಲಿ ಏನೇನು ಅನುಭವಿಸಿದ್ದಾರೆಂಬುದು ನಮ್ಮ ಭಾಗದವರಿಗೆ ಗೊತ್ತು. ನಾನು ಕರುಣೆಯಿಂದಲೇ ಸಹಿ ಮಾಡಿದೆನೆಂದು ಬಹುಕಾಲ ನಂಬಿದ್ದೆ. ಮೂರು ರವಿವಾರ ದೇವಾಲಯದಲ್ಲಿ ಮದುವೆಯ ಪ್ರಕಟಣೆ ಓದಿದೆವು. ಈ ವಿವಾಹಕ್ಕೆ ಅಡ್ಡಿ ಇದ್ದವರು ತಿಳಿಸಬೇಕೆಂದು ಕೇಳಿದೆವು. ಕುಳಿತಿದ್ದ ಹೆಂಗಸರಲ್ಲಿ ಅರ್ಧದಷ್ಟು ಜನ ಆ ಹುಡುಗಿ ಹುಟ್ಟಿದಾಗ ಅವಳ ತಾಯಿಯ ಬಾಣಂತನಕ್ಕೆ ಬಿಸಿನೀರು ಕಾಸಿದವರು. ಯಾರೂ ಬಾಯಿ ಬಿಡಲಿಲ್ಲ.

ಎರಡು ವರ್ಷದ ಬಳಿಕ ಅವಳು ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಅದೇ ಹೊಸ್ತಿಲಿಗೆ ಬಂದಳು. ಮುಂಗೈಯಿಂದ ಮೊಣಕೈವರೆಗೆ ಬಾಸುಂಡೆ. ತವರಿನವರು ಗೋವೆಯಲ್ಲಿ. ಸಮಿತಿ ಕೂಡಿತು. ಗಂಡನನ್ನು ಕರೆಸಿ ಬುದ್ಧಿ ಹೇಳಿದೆವು, ಪ್ರಾರ್ಥನೆ ಮಾಡಿದೆವು, ಕೈಗೆ ಕೈ ಕೂಡಿಸಿದೆವು, ಬಸ್ಸಿಗೆ ಹತ್ತಿಸಿದೆವು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರೊಬ್ಬರು ನಕ್ಕರು. ಒಂದು ಸಂಸಾರ ಉಳಿಸಿದೆವೆಂಬ ತೃಪ್ತಿಯಿಂದ ಚಹಾ ಕುಡಿದು ಮನೆಗೆ ಹೋದೆವು. ಇಂಥ ಸಂಧಾನಗಳ ಸಂಖ್ಯೆಯನ್ನು ನಮ್ಮ ಸಭೆಗಳು ವರದಿಗಳಲ್ಲಿ ಹೆಮ್ಮೆಯಿಂದ ಬರೆದದ್ದೂ ಉಂಟು.

ಈಗ ಲೆಕ್ಕ ಮಾಡಿ ನೋಡೋಣ. ಆ ಮದುವೆಯಿಂದ ಯಾರಿಗೆ ಏನು ದಕ್ಕಿತು? ತಂದೆಗೆ ನಿಶ್ಚಿಂತೆ ದಕ್ಕಿತು. ಗಂಡನ ಮನೆಗೆ ನೀರು ತರಲು, ರೊಟ್ಟಿ ಬಡಿಯಲು, ಶೇಂಗಾ ಹರಿಯಲು ಕೂಲಿಯಿಲ್ಲದ ಎರಡು ಕೈಗಳು ದಕ್ಕಿದವು. ಸಭೆಗೆ ಒಳ್ಳೆಯ ಹೆಸರು ದಕ್ಕಿತು. ನಮ್ಮಲ್ಲಿ ಹೆಣ್ಣುಮಕ್ಕಳು ದಾರಿ ತಪ್ಪುವುದಿಲ್ಲ ಎಂದು ಹೇಳಿಕೊಳ್ಳಲು ಸಾಧ್ಯವಾಯಿತು. ಆಸರೆ ಯಾರಿಗೆಂದು ಹೇಳಿ ಇದೆಲ್ಲವನ್ನೂ ಮಾಡಿದೆವೋ ಅವಳೊಬ್ಬಳ ಹೆಸರಿನ ಮುಂದೆ ಬರೆಯಲು ಏನೂ ಇಲ್ಲ. ಬೀದಿಯ ಗಂಡಸರಿಂದ ಕಾಪಾಡಬೇಕೆಂದು ಒಬ್ಬ ಗಂಡಸಿನ ಕೈಗೆ ಕೊಟ್ಟೆವು. ಆ ಒಬ್ಬನಿಂದ ಕಾಪಾಡುವವರು ಯಾರೆಂದು ಯಾರೂ ಕೇಳಲಿಲ್ಲ.

ಇದು ಒಂದು ಹಳ್ಳಿಯ ಬಡತನದ ಕಥೆ, ಕ್ರೈಸ್ತ ವಿವಾಹದ ಕಥೆಯಲ್ಲ ಎನ್ನುವವರಿದ್ದಾರೆ. ನಮ್ಮದು ಏಕಪತ್ನೀವ್ರತದ ಮದುವೆ, ದೇವರ ಮುಂದಿನ ಒಡಂಬಡಿಕೆ, ಉಳಿದವರಂತಲ್ಲ ಎಂಬ ಅಭಿಮಾನ ನಮಗೆ ಬಹಳ. ಈ ಅಭಿಮಾನವುಳ್ಳವರು ನಮ್ಮದೇ ವಿವಾಹ ಕಾನೂನುಗಳನ್ನು ಒಮ್ಮೆ ಓದಬೇಕು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯು ದೇಶೀ ಕ್ರೈಸ್ತರ ಮದುವೆಗೆ ಇಟ್ಟಿದ್ದ ಮಿತಿ ಏನು ಗೊತ್ತೇ? ಗಂಡಿಗೆ ಹದಿನಾರು, ಹೆಣ್ಣಿಗೆ ಹದಿಮೂರು ದಾಟಿರಬೇಕು, ಅಷ್ಟೆ. ಅದು ಇಪ್ಪತ್ತೊಂದು ಮತ್ತು ಹದಿನೆಂಟು ಆದದ್ದು 1978ರ ತಿದ್ದುಪಡಿಯಿಂದ. ನಮ್ಮ ಅಜ್ಜಿಯರ ಮದುವೆಯ ಫೋಟೋಗಳಲ್ಲಿ ಬಿಳಿ ಸೀರೆಯೊಳಗೆ ಮುಳುಗಿಹೋಗಿರುವ ಆ ಸಣ್ಣ ಮುಖಗಳನ್ನು ನೆನೆಸಿಕೊಳ್ಳಿ.

ಅದಕ್ಕಿಂತ ಹೆಚ್ಚಿನದನ್ನು ಹೇಳುವುದು 1869ರ ವಿಚ್ಛೇದನ ಕಾಯ್ದೆ. ಹೆಂಡತಿ ವ್ಯಭಿಚಾರ ಮಾಡಿದಳೆಂದು ತೋರಿಸಿದರೆ ಸಾಕು, ಕ್ರೈಸ್ತ ಗಂಡನಿಗೆ ಬಿಡುಗಡೆ ಸಿಗುತ್ತಿತ್ತು. ಹೆಂಡತಿಗೆ ಅಷ್ಟು ಸಾಲದು. ಗಂಡನ ವ್ಯಭಿಚಾರದ ಜೊತೆಗೆ ಅವನ ಕ್ರೌರ್ಯವನ್ನೋ ಎರಡು ವರ್ಷ ತೊರೆದುಹೋದದ್ದನ್ನೋ ಆಕೆ ಸಾಬೀತು ಮಾಡಬೇಕಿತ್ತು. ಹೊಡೆದನೆಂಬ ಒಂದೇ ಕಾರಣಕ್ಕೆ ಬಿಡುಗಡೆಯಿಲ್ಲ. ಮೊಕದ್ದಮೆ ನಡೆಯುವಾಗ ಆಕೆಗೆ ಕೊಡಿಸುವ ಜೀವನಾಂಶ ಗಂಡನ ವರಮಾನದ ಐದನೆಯ ಒಂದು ಪಾಲನ್ನು ಮೀರುವಂತಿರಲಿಲ್ಲ. ಇನ್ನೂ ಒಂದು ಕಲಮು ಇತ್ತು: ಹೆಂಡತಿಯೊಡನೆ ಸಂಬಂಧವಿಟ್ಟುಕೊಂಡ ಪುರುಷನಿಂದ ಗಂಡನು ನಷ್ಟಪರಿಹಾರದ ಹಣ ಕೇಳಬಹುದಿತ್ತು. ನೆರೆಯವನ ಎತ್ತು ನಮ್ಮ ಜೋಳದ ಹೊಲ ಮೇಯ್ದರೆ ಪರಿಹಾರ ಕೇಳುತ್ತೇವಲ್ಲ, ಹಾಗೆ. ಗಂಡ ದಾರಿತಪ್ಪಿದರೆ ಹೆಂಡತಿಗೆ ಯಾರೂ ಒಂದು ಕಾಸು ಕೊಡುತ್ತಿರಲಿಲ್ಲ. ಈ ಕಲಮು, ಈ ತಾರತಮ್ಯ, ಈ ಐದನೆಯ ಒಂದು ಪಾಲಿನ ಮಿತಿ, ಎಲ್ಲವೂ ತೆಗೆದುಹಾಕಲ್ಪಟ್ಟದ್ದು 2001ರಲ್ಲಿ. ಬ್ರಿಟಿಷರು ಹೋಗಿ ಐವತ್ತನಾಲ್ಕು ವರ್ಷಗಳ ಮೇಲೆ. ಅಲ್ಲಿಯತನಕ ಈ ಕಾನೂನಿನ ಕೆಳಗೇ ನಮ್ಮ ಪೀಠಗಳ ಮುಂದೆ ಉಂಗುರಗಳು ಬದಲಾದವು, ಮತ್ತು ನಾವು ಮದುವೆಯೆಂದರೆ ಹೆಣ್ಣಿಗೆ ರಕ್ಷಣೆ ಎಂದು ಬೋಧಿಸುತ್ತಲೇ ಇದ್ದೆವು.

ನಮ್ಮ ಸಭೆಗಳನ್ನು ನೆಟ್ಟ ಮಿಷನರಿಗಳ ಮನೆಗಳಲ್ಲಾದರೂ ಬೇರೆ ಆಗಿತ್ತೇ? ಬಾಸೆಲ್ ಮಿಷನ್ 1841ರಲ್ಲಿ ಬೆಟಗೇರಿಯಲ್ಲಿ ಠಾಣೆ ತೆರೆಯುವುದಕ್ಕೆ ಕೆಲವೇ ವರ್ಷ ಮುಂಚೆ, 1837ರಲ್ಲಿ, ಅದರ ಆಡಳಿತ ಸಮಿತಿ ತನ್ನ ಸಹೋದರರ ವಿವಾಹಕ್ಕೆ ನಿಯಮಗಳನ್ನು ಮಾಡಿತ್ತು. ಹೊರದೇಶದಲ್ಲಿ ಎರಡು ವರ್ಷ ಸೇವೆ ಮಾಡಿ ಯೋಗ್ಯನೆನಿಸಿಕೊಂಡವನು ಮಾತ್ರ ಮದುವೆಗೆ ಅನುಮತಿ ಕೇಳಬಹುದು. ವಧುವನ್ನು ಸಮಿತಿ ಒಪ್ಪಬೇಕು. ಎಷ್ಟೋ ಕನ್ಯೆಯರು ಎಂದೂ ಕಂಡಿರದ ಗಂಡನನ್ನು ಹುಡುಕಿಕೊಂಡು ಸ್ವಿಟ್ಜರ್ಲೆಂಡಿನಿಂದ, ವುರ್ಟೆಂಬರ್ಗಿನಿಂದ ಹಡಗು ಹತ್ತಿ ಬಂದರು. ಬಂದವರು ಸಂಬಳವಿಲ್ಲದೆ ಶಾಲೆ ನಡೆಸಿದರು, ಹೊಲಿಗೆ ಕಲಿಸಿದರು, ಮಕ್ಕಳನ್ನು ಹೆತ್ತರು. ಆ ಮಕ್ಕಳಲ್ಲಿ ಅನೇಕರನ್ನು ಚಿಕ್ಕಂದಿನಲ್ಲೇ ಯುರೋಪಿಗೆ ಕಳಿಸಿ ಅತ್ತರು. ಅವರ ಶ್ರಮದ ಫಲವನ್ನು ಉಂಡವರು ನಾವು. ಅವರನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಅಲ್ಲಿಯೂ ಮದುವೆಯ ಉದ್ದೇಶವನ್ನು ನಿಶ್ಚಯಿಸಿದವರು ಮೇಜಿನ ಸುತ್ತ ಕುಳಿತ ಗಂಡಸರೇ. ನಮ್ಮ ಹಳ್ಳಿಯ ಕಟ್ಟೆಗೂ ಆ ಮೇಜಿಗೂ ಈ ಒಂದು ವಿಷಯದಲ್ಲಿ ಬಹಳ ಅಂತರವಿರಲಿಲ್ಲ. ಅದೇ ಮಿಷನ್ನಿನ ಮೊಗ್ಲಿಂಗರು ತಮ್ಮ ಸಹಕಾರಿ ವೈಗಲರು ತೀರಿಕೊಂಡ ಮೇಲೆ ಅವರ ವಿಧವೆಯನ್ನೇ ವಿವಾಹವಾಗಿ, ಅವರ ಮಕ್ಕಳಿಗೂ ತಂದೆಯಾದರು. 'ಮಂಗಳೂರ ಸಮಾಚಾರ'ದ ಸಂಪಾದಕರೆಂದು ಅವರನ್ನು ಸ್ಮರಿಸುವ ನಾವು ಈ ಮದುವೆಯನ್ನು ಸ್ಮರಿಸುವುದು ಕಡಿಮೆ. ಅಲ್ಲಿ ಮದುವೆ ನಿಜವಾಗಿ ಯಾರಿಗೋ ಆಸರೆಯಾಯಿತು.

ನಮ್ಮ ನಾಡಿನ ಹಳೆಯ ಕಥೆಗಳೂ ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತವೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಲಗ್ನವಾದಾಗ ತಂದೆಯರಿಬ್ಬರ ಪ್ರಾಣ ಹೋಯಿತೆಂದು ಪರಂಪರೆ ಹೇಳುತ್ತದೆ. ಸಮಗಾರನ ಮಗ ಬ್ರಾಹ್ಮಣನ ಮಗಳನ್ನು ಕೈಹಿಡಿದರೆ ಅರಮನೆಗೆ ಏನು ನಷ್ಟ? ನಷ್ಟವಿತ್ತು. ಮದುವೆಯೆಂಬ ಬೇಲಿ ಕಾಯುತ್ತಿದ್ದದ್ದು ಜಾತಿಯನ್ನು. ಆ ಹುಡುಗ ಹುಡುಗಿಯ ಸುಖದುಃಖ ಯಾರ ಲೆಕ್ಕದಲ್ಲಿಯೂ ಇರಲಿಲ್ಲ. ನಾವು ಜಾತಿ ಬಿಟ್ಟವರೆಂದು ಹೇಳಿಕೊಳ್ಳುತ್ತೇವೆ. ನಿಶ್ಚಯದ ಮಾತಿಗೆ ಮೊದಲು "ಅವರು ಮೂಲದಲ್ಲಿ ಯಾವ ಪೈಕಿ?" ಎಂದು ಮೆಲ್ಲಗೆ ಕೇಳುವ ದನಿ ನಮ್ಮ ಮನೆಗಳಲ್ಲಿ ಅಡಗಿದೆಯೇ ಎಂಬುದನ್ನು ಓದುಗರೇ ಹೇಳಬೇಕು. ಹೊಲ ಹಂಚಿಹೋಗಬಾರದೆಂದು ಅಕ್ಕನ ಮಗಳನ್ನು ತಮ್ಮನಿಗೆ ಕೊಡುವ ಪದ್ಧತಿ ನಮ್ಮ ಭಾಗದಲ್ಲಿ ಎಷ್ಟು ಸಹಜವಾಗಿ ನಡೆದುಬಂದಿದೆ! ಅಲ್ಲಿ ಹೊಲಕ್ಕೆ ಆಸರೆ ಆಯಿತು, ಸಂದೇಹವಿಲ್ಲ.

ಆದರೆ ಈ ವಿಷಯದಲ್ಲಿ ಎಲ್ಲಕ್ಕಿಂತ ಕಠೋರವಾದ ಉದಾಹರಣೆ ನಮ್ಮ ಜಿಲ್ಲೆಯ ಓಣಿಗಳಲ್ಲೇ ಇದೆ. ಮುತ್ತು ಕಟ್ಟಿಸಿಕೊಂಡ ತಾಯಂದಿರನ್ನು ನಾವು ಕಂಡಿದ್ದೇವೆ. ಹುಡುಗಿಯನ್ನು ದೇವರಿಗೆ ಮದುವೆ ಮಾಡಿಕೊಡುವುದು. ಗಂಡ ಸಾಯುವುದಿಲ್ಲವಾದ್ದರಿಂದ ಅವಳು ನಿತ್ಯಸುಮಂಗಲಿ. ಹೆಸರು ಎಷ್ಟು ಮಂಗಳಕರ! ಆ ಮದುವೆಯಿಂದ ತಂದೆತಾಯಿಗೆ ಗಂಡುಮಗನಂತೆ ದುಡಿದು ಸಾಕುವ ಮಗಳು ಸಿಕ್ಕಳು, ಊರ ಬಲ್ಲಿದರಿಗೆ ಹೊಣೆಯಿಲ್ಲದ ಸಂಬಂಧ ಸಿಕ್ಕಿತು, ಹುಟ್ಟಿದ ಮಕ್ಕಳಿಗೆ ಶಾಲೆಯ ಹಾಜರಿ ಪುಸ್ತಕದಲ್ಲಿ ಬರೆಸಲು ತಂದೆಯ ಹೆಸರು ಸಿಗಲಿಲ್ಲ. ಶಿಕ್ಷಕನಾಗಿ ಆ ಖಾಲಿ ಜಾಗವನ್ನು ನಾನು ಕಣ್ಣಾರೆ ಕಂಡವನು. ಅಂಥ ತಾಯಿಯೊಬ್ಬಳು ನನ್ನ ಮೇಜಿನ ಮುಂದೆ ನಿಂತು, ಯಾವ ಹೆಸರು ಹೇಳಬೇಕೆಂದು ತಿಳಿಯದೆ ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತಿದ್ದದ್ದು ಇಂದಿಗೂ ಕಣ್ಣಮುಂದಿದೆ. ಕರ್ನಾಟಕ 1982ರಲ್ಲೇ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಮಾಡಿತು. ಆಮೇಲೆ 1993-94 ಮತ್ತು 2007-08ರ ಎರಡು ಸರ್ಕಾರಿ ಸಮೀಕ್ಷೆಗಳಲ್ಲಿ ಲೆಕ್ಕಕ್ಕೆ ಸಿಕ್ಕ ದೇವದಾಸಿಯರು 46,660. ತಂದೆ ಯಾರೆಂದು ಗುರುತಿಸಿಕೊಳ್ಳುವ ಹಕ್ಕನ್ನು ಆ ಮಕ್ಕಳಿಗೆ ಕೊಡುವ ಹೊಸ ಮಸೂದೆಯನ್ನು ನಮ್ಮ ವಿಧಾನಮಂಡಲ ಅಂಗೀಕರಿಸಲು 2025 ಬರಬೇಕಾಯಿತು.

ಇದನ್ನು ಇಲ್ಲಿ ತಂದದ್ದು ಅನ್ಯರ ಪದ್ಧತಿಯನ್ನು ಹೀಯಾಳಿಸಲು ಅಲ್ಲವೇ ಅಲ್ಲ. ಮದುವೆಯ ಹೆಸರು, ಅಲಂಕಾರ, ಮಂತ್ರ, ಆಶೀರ್ವಾದ, ಎಲ್ಲವೂ ಇದ್ದೂ ಹೆಂಡತಿಗೆ ಮಾತ್ರ ಏನೂ ಇಲ್ಲದಿರುವ ವ್ಯವಸ್ಥೆ ಸಾಧ್ಯವೆಂಬುದಕ್ಕೆ ಇದು ಸಾಕ್ಷಿ. ನಾನು 1988ರಲ್ಲಿ ಸಹಿ ಹಾಕಿದ ಮದುವೆಯಲ್ಲಿ ಸ್ತೋತ್ರಗೀತೆ ಇತ್ತು, ಬಿಳಿ ಹೂವಿತ್ತು, ಸತ್ಯವೇದವಿತ್ತು. ಅವುಗಳಿಂದ ಆ ಹುಡುಗಿಗೆ ಆದದ್ದೇನು?

ಹಾಗಾದರೆ ಸತ್ಯವೇದ ಏನೆನ್ನುತ್ತದೆ? ನಮ್ಮ ವಿವಾಹಾರಾಧನೆಗಳಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯವನ್ನು ಓದುವುದು ವಾಡಿಕೆ. ಓದುವವರು ಸಾಮಾನ್ಯವಾಗಿ ಇಪ್ಪತ್ತೆರಡನೆಯ ವಚನದಿಂದ, ಅಂದರೆ ಹೆಂಡತಿಯರಿಗೆ ಹೇಳಿದ ಮಾತಿನಿಂದ ಪ್ರಾರಂಭಿಸುತ್ತಾರೆ. ಅದಕ್ಕೆ ಮುಂಚಿನ ವಚನದಲ್ಲಿ ಪೌಲನು ಎಲ್ಲರೂ ಒಬ್ಬರಿಗೊಬ್ಬರು ಅಧೀನರಾಗಿರಲು ಹೇಳಿದ್ದಾನೆ. ಒಂದೇ ಒಂದು ವಚನ ಮೇಲಿನಿಂದ ಓದಲು ಎಷ್ಟು ಹೊತ್ತು ಬೇಕು? ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಏಳನೆಯ ಅಧ್ಯಾಯವನ್ನಂತೂ ಮದುವೆಯಲ್ಲಿ ಓದಿದ್ದನ್ನು ನಾನು ಕೇಳಿಯೇ ಇಲ್ಲ. ಹೆಂಡತಿಯ ದೇಹದ ಮೇಲೆ ಗಂಡನಿಗಿರುವ ಅಧಿಕಾರವೇ ಗಂಡನ ದೇಹದ ಮೇಲೆ ಹೆಂಡತಿಗೂ ಇದೆಯೆಂದು ಅಲ್ಲಿ ಸರಿಸಮನಾಗಿ ಹೇಳಿದೆ. ಎರಡು ಸಾವಿರ ವರ್ಷಗಳ ಹಿಂದೆ ಅದು ಎಂಥ ಮಾತಾಗಿತ್ತೆಂದು ಯೋಚಿಸಿ. ನಮ್ಮ ದೇಶದ ದಂಡಸಂಹಿತೆ ಇಂದಿಗೂ ಅಷ್ಟು ದೂರ ಬಂದಿಲ್ಲ. ಹೆಂಡತಿಗೆ ಹದಿನೆಂಟು ತುಂಬಿದ್ದರೆ ಗಂಡನ ಬಲಾತ್ಕಾರವನ್ನು ಅದು ಅತ್ಯಾಚಾರವೆಂದು ಎಣಿಸುವುದಿಲ್ಲ. 2017ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಡುವ ತನಕ ಆ ವಯಸ್ಸು ಹದಿನೈದು ಆಗಿತ್ತು. ಅಂಥ ಆರೋಪ ಹೊತ್ತ ಗಂಡನೊಬ್ಬನ ಮೇಲಿನ ಮೊಕದ್ದಮೆಯನ್ನು ರದ್ದುಮಾಡಲು 2022ರ ಮಾರ್ಚಿನಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯ ನಿರಾಕರಿಸಿದಾಗ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯಾಯಿತು. ನಮ್ಮ ಸಭೆಗಳಲ್ಲಿ ಅದರ ಸದ್ದೇ ಇರಲಿಲ್ಲ. ಪೌಲನ ಪತ್ರಿಕೆಯನ್ನು ಕೈಯಲ್ಲಿ ಹಿಡಿದವರಿಗೆ ಆ ಚರ್ಚೆಯಲ್ಲಿ ಹೇಳಲು ಏನೂ ಇರಲಿಲ್ಲವೇ?

ಮತ್ತಾಯನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯವನ್ನು ನಾವು ವಿಚ್ಛೇದನ ಕೂಡದು ಎನ್ನುವುದಕ್ಕೆ ಮಾತ್ರ ಬಳಸುತ್ತೇವೆ. ಅಲ್ಲಿನ ಪ್ರಶ್ನೆ ಯಾರದು? ಯಾವುದಾದರೂ ಒಂದು ಕಾರಣಕ್ಕೆ ಹೆಂಡತಿಯನ್ನು ಬಿಡಬಹುದೇ ಎಂದು ಗಂಡಸರು ಕೇಳಿದ್ದು. ಆ ಕಾಲದಲ್ಲಿ ಬಿಟ್ಟ ಹೆಂಡತಿಗೆ ಮನೆಯಿಲ್ಲ, ಹೊಲವಿಲ್ಲ. ಕರ್ತನು ಬಾಗಿಲು ಮುಚ್ಚಿದ್ದು ಅವಳನ್ನು ಹೊರಗೆ ತಳ್ಳುವ ಕೈಗಳಿಗೆ ಅಡ್ಡವಾಗಿ. ಅದನ್ನು ಕೇಳಿದ ಶಿಷ್ಯರು ಏನೆಂದರು ಗಮನಿಸಿ: ಹೀಗಾದರೆ ಮದುವೆಯಾಗದಿರುವುದೇ ಲೇಸು ಎಂಬರ್ಥದ ಮಾತು. ಬೇಕೆಂದಾಗ ಬಿಡುವ ಸೌಕರ್ಯ ಹೋದರೆ ಗಂಡಸಿಗೆ ಮದುವೆಯಿಂದ ಲಾಭವೇನೆಂದು ಅವರು ಪ್ರಾಮಾಣಿಕವಾಗಿ ಕೇಳಿಬಿಟ್ಟರು! ಬಡಪಾಯಿಗಳ ಈ ಪ್ರಾಮಾಣಿಕತೆ ನನಗೆ ಇಷ್ಟ. ಹೊರಗೆ ತಳ್ಳದಿರಲೆಂದು ಮುಚ್ಚಿದ ಆ ಬಾಗಿಲನ್ನೇ ಇಂದು ನಾವು ಒಳಗೆ ಪೆಟ್ಟು ತಿನ್ನುತ್ತಿರುವವಳು ಓಡಿಹೋಗದಂತೆ ಅಗಳಿ ಹಾಕಲು ಬಳಸುತ್ತಿದ್ದೇವೆ. ವಚನ ಒಂದೇ, ಯಾರ ಕೈಯಿಂದ ಯಾರನ್ನು ಕಾಯಲು ಅದನ್ನು ಹೇಳಲಾಯಿತೆಂಬುದನ್ನು ಮರೆತರೆ ಅದು ತಲೆಕೆಳಗಾಗುತ್ತದೆ. ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ಒಂದು ಚಿಕ್ಕ ವಿಧಿಯಿದೆ: ಹೊಸದಾಗಿ ಮದುವೆಯಾದವನನ್ನು ಒಂದು ವರ್ಷ ಯುದ್ಧಕ್ಕೆ ಕರೆಯಬಾರದು, ಅವನು ಮನೆಯಲ್ಲಿದ್ದು ಹೆಂಡತಿಯನ್ನು ಸಂತೋಷಪಡಿಸಬೇಕು. ರಾಜ್ಯದ ಕೆಲಸವೂ ಕಾಯಬೇಕು ಎಂದಾಯಿತು. ಅವಳ ಸಂತೋಷ ಸತ್ಯವೇದದಲ್ಲಿ ಕಾನೂನಾಗಿ ಬರೆದ ವಿಷಯ. ನಮ್ಮ ಪ್ರಸಂಗಗಳಲ್ಲಿ ಅದಕ್ಕೊಂದು ವಾಕ್ಯವೂ ಸಿಗುವುದಿಲ್ಲ.

ನಾನು ಮದುವೆಗೆ ವಿರೋಧಿಯೆಂದು ಯಾರೂ ತಿಳಿಯಬಾರದು. ನಲವತ್ತೈದು ವರ್ಷಗಳ ದಾಂಪತ್ಯ ನನ್ನದು; ಹೆಚ್ಚಿನ ಶ್ರೇಯಸ್ಸು ನನ್ನದಲ್ಲ. ಬೆಂಗಳೂರಿನಲ್ಲಿ ಹುಡುಗ ಹುಡುಗಿಯರು ಮದುವೆಯೇ ಬೇಡವೆಂದು ಕೂಡಿಬಾಳುತ್ತಾರಂತೆ, ಇಂಥ ಲೇಖನಗಳು ಅವರಿಗೆ ಕುಮ್ಮಕ್ಕು ಕೊಡುತ್ತವೆ ಎಂದು ಈ ಬರಹದ ಕರಡನ್ನು ಓದಿದ ಸ್ನೇಹಿತರೊಬ್ಬರು ಎಚ್ಚರಿಸಿದರು. ನಾನು ಹೇಳುವುದು ಅದರ ವಿರುದ್ಧವಾದದ್ದು. ಮದುವೆಯಿಂದ ರಕ್ಷಣೆ ನಿಜಕ್ಕೂ ಇದೆ. ಅದು ಎಲ್ಲಿದೆಯೆಂದು ತಿಳಿದವರು ನಮ್ಮಲ್ಲಿ ಕಡಿಮೆ. ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಮಕ್ಕಳಿದ್ದರೆ ಹೆಂಡತಿಗೆ ಮೂರನೆಯ ಒಂದು ಪಾಲು. ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮವಾಗಿ. ಈ ಕಾಯ್ದೆ 1925ರದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಗಂಡನೊಂದಿಗೆ ಬಾಳಿದ ಮನೆಯಲ್ಲಿ, ಮನೆ ಯಾರ ಹೆಸರಿನಲ್ಲಿದ್ದರೂ, ವಾಸಿಸುವ ಹಕ್ಕು ಅವಳಿಗಿದೆ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರಿಂದ ಅಪರಾಧ. ಕೊಟ್ಟದ್ದೇನಾದರೂ ಇದ್ದರೆ ಅದು ಅವಳಿಗೇ ಸೇರತಕ್ಕದ್ದು.

ನಾವು ಮಾಡುವುದೇನು? ಮಗಳ ಮದುವೆಯಲ್ಲಿ ಇಷ್ಟು ತೊಲೆ ಬಂಗಾರ, ಇಷ್ಟು ಹುಂಡಾ ಎಂದು ಮಾತಾಡಿ ಮುಗಿಸುತ್ತೇವೆ. ಚರ್ಚಿನವರಾದ್ದರಿಂದ ಅದನ್ನು 'ಕಾಣಿಕೆ' ಎನ್ನುತ್ತೇವೆ. ತಂದೆ ತೀರಿಕೊಂಡ ಕೂಡಲೇ ಅಣ್ಣತಮ್ಮಂದಿರು ಆಕೆಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಒಂದು ಸೀರೆ ಕೊಡುತ್ತಾರೆ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆಂಬ ಭಯದಿಂದ ಅವಳು ಹಾಕುತ್ತಾಳೆ. ಮುಂದೆ ಗಂಡನ ಮನೆಯಲ್ಲಿ ಕಷ್ಟವಾಗಿ ಬಂದರೆ ಅದೇ ಅಣ್ಣತಮ್ಮಂದಿರು ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರೆ. ಇತ್ತ ಹೊಲವೂ ಇಲ್ಲ, ಅತ್ತ ಮನೆಯೂ ಇಲ್ಲ. ಹೆಣ್ಣಿಗೆ ಆಸರೆ ಗಂಡನೇ ಎನ್ನುವುದು ಸತ್ಯವಾಗಿರುವುದು ಉಳಿದ ಆಸರೆಗಳನ್ನೆಲ್ಲ ನಾವೇ ಕಿತ್ತುಕೊಂಡಿರುವುದರಿಂದ. ತನ್ನ ಹೆಸರಿನಲ್ಲಿ ಎರಡೆಕರೆ ಹೊಲವಿರುವ, ಮುಚ್ಚದ ತವರಿರುವ ಹೆಣ್ಣುಮಗಳನ್ನು ಹೊಡೆಯುವ ಮುನ್ನ ಗಂಡ ಒಮ್ಮೆ ಯೋಚಿಸುತ್ತಾನೆ. ನಾವು ಸಮಿತಿಯಲ್ಲಿ ಕುಳಿತು ಹೇಳಿದ ಬುದ್ಧಿಮಾತಿಗೆ ಅವನು ಯೋಚಿಸಿದ್ದನ್ನು ನಾನು ಕಂಡಿಲ್ಲ.

ಇನ್ನು ವಯಸ್ಸಿನ ವಿಷಯ. ಅದೆಲ್ಲ ಹಳೆಯ ಕಾಲವಾಯಿತು ಎನ್ನುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 21.3 ಮಂದಿಗೆ ಹದಿನೆಂಟು ತುಂಬುವ ಮುನ್ನವೇ ಮದುವೆಯಾಗಿತ್ತು. ಹಿಂದಿನ ಸಮೀಕ್ಷೆಯಲ್ಲಿ ಇದು 21.4 ಇತ್ತು, ಅಂದರೆ ಐದಾರು ವರ್ಷಗಳಲ್ಲಿ ಕದಲಿದ್ದು ಕೂದಲೆಳೆಯಷ್ಟು. ಉಚ್ಚ ನ್ಯಾಯಾಲಯದ ಮುಂದಿನ ಒಂದು ಅರ್ಜಿಯಿಂದಾಗಿ ನೇಮಕವಾದ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ವಿವರವಾದ ವರದಿ ಕೊಟ್ಟಿತು. ಆಮೇಲೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ನಮ್ಮ ರಾಜ್ಯ ತಿದ್ದುಪಡಿ ತಂದಿತು; 2017ರಿಂದ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಇದರ ಅರ್ಥ ನಮ್ಮ ಸಭೆಗಳ ತಂದೆತಾಯಿಗಳಿಗೆ ತಿಳಿದಿದೆಯೇ? ಇಂದು ಹದಿನಾರರ ಮಗಳಿಗೆ ಮಂಟಪ ಹಾಕಿ, ಸಾಲ ಮಾಡಿ ಊಟ ಹಾಕಿದರೆ, ಕಾನೂನಿನ ದೃಷ್ಟಿಯಲ್ಲಿ ಅಲ್ಲಿ ಮದುವೆ ನಡೆದೇ ಇಲ್ಲ. ಆಸರೆ ಕೊಟ್ಟೆನೆಂದು ತಂದೆ ಕೈ ತೊಳೆದುಕೊಳ್ಳುತ್ತಾನೆ; ಅವಳ ಕೈಯಲ್ಲಿ ಹೆಂಡತಿಯೆಂಬ ಹೆಸರೂ ಉಳಿಯುವುದಿಲ್ಲ. ಅದನ್ನು ನಡೆಸಿದವರಿಗೆ, ಅಂದರೆ ಸಭಾಪಾಲಕರಿಗೂ ನನ್ನಂತೆ ಪತ್ರ ಬರೆದುಕೊಡುವ ಕಾರ್ಯದರ್ಶಿಗಳಿಗೂ, ಎರಡು ವರ್ಷಗಳ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಆಗಬೇಕು ಕೂಡ.

ಗುಳೆ ಹೋಗುವವನ ಪ್ರಶ್ನೆ ಮಾತ್ರ ಹಾಗೆಯೇ ನಿಂತಿದೆ: ಹುಡುಗಿಯನ್ನು ಎಲ್ಲಿ ಬಿಡಲಿ? ಕಾನೂನು ಅವನಿಗೆ ಬೇಡ ಎನ್ನುತ್ತದೆ, ಆದರೆ ಆರು ತಿಂಗಳು ಅವಳನ್ನು ಇಟ್ಟುಕೊಳ್ಳುವುದಿಲ್ಲ. ಇದಕ್ಕೆ ಉತ್ತರ ಕೊಡಬೇಕಾದವರು ನಾವು. ನಮ್ಮ ಸಭೆಗಳ ಆವರಣಗಳಲ್ಲಿ ಮಿಷನ್ನಿನ ಕಾಲದ ಹೆಂಚಿನ ಮನೆಗಳು ಬೀಗ ಹಾಕಿ ಬಿದ್ದಿವೆ. ಸ್ತ್ರೀಯರ ಕೂಟದಲ್ಲಿ ನಿವೃತ್ತ ಶಿಕ್ಷಕಿಯರಿದ್ದಾರೆ, ದಾದಿಯರಿದ್ದಾರೆ. ಸುಗ್ಗಿ ಮುಗಿದು ಜನ ಬಸ್ಸು ಹತ್ತುವ ಆ ತಿಂಗಳುಗಳಲ್ಲಿ ಏಳೆಂಟು ಹೆಣ್ಣುಮಕ್ಕಳಿಗೆ ಒಂದು ಕೋಣೆ, ಎರಡು ಹೊತ್ತಿನ ಊಟ, ಶಾಲೆಗೆ ಹೋಗಿಬರುವ ಏರ್ಪಾಡು ಮಾಡಲು ನಮ್ಮಿಂದ ಆಗುವುದಿಲ್ಲವೇ? ಸುಗ್ಗಿಯ ಸ್ತೋತ್ರಾರ್ಪಣೆಯ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಸಾವಿರ ರೂಪಾಯಿ ಕೂಗುವ ಉದಾರಿಗಳು ನಮ್ಮಲ್ಲಿದ್ದಾರೆ. 1988ರಲ್ಲಿ ಅಂಥ ಒಂದು ಕೋಣೆ ಇದ್ದಿದ್ದರೆ ನನ್ನ ಪೆನ್ನಿಗೆ ಕೆಲಸವಿರುತ್ತಿರಲಿಲ್ಲ. ಅಂದು ನನ್ನ ಮನೆಯಲ್ಲೇ ಅವಳಿಗೆ ಜಾಗವಿತ್ತಲ್ಲ ಎಂದು ನನ್ನ ಹೆಂಡತಿ ಆಮೇಲೆ ಒಮ್ಮೆ ಹೇಳಿದಳು. ನಾನು ಅವಳನ್ನು ಕೇಳಿರಲೇ ಇಲ್ಲ.

ಆ ಹುಡುಗಿ ಈಗ ಐವತ್ತು ದಾಟಿದವಳು. ಗಂಡ ಬಹಳ ಹಿಂದೆಯೇ ಇನ್ನೊಬ್ಬಳನ್ನು ಕಟ್ಟಿಕೊಂಡು ಹೋದ. ಅವಳು ಇಪ್ಪತ್ತು ವರ್ಷಗಳಿಂದ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ, ಮಗನನ್ನು ಓದಿಸಿದ್ದಾಳೆ. ಕಳೆದ ಮಳೆಗಾಲದಲ್ಲಿ ನನ್ನನ್ನು ಹುಡುಕಿಕೊಂಡು ಬಂದಳು. ಈ ಸಲ ಹೊಸ್ತಿಲ ಒಳಗೆ ಬಂದು ಕುರ್ಚಿಯ ಮೇಲೆ ಕುಳಿತಳು. ಅಡುಗೆಯವರನ್ನು ಅರವತ್ತಕ್ಕೆ ಕೆಲಸದಿಂದ ಬಿಡಿಸುತ್ತಾರೆ. ಮದುವೆಯ ಕಾಗದ ನೋಡಿ ರೇಷನ್ ಕಾರ್ಡು ಮಾಡಿಸಿದ್ದಳು, ರೇಷನ್ ಕಾರ್ಡು ನೋಡಿ ಮತದಾರರ ಚೀಟಿ, ಅದನ್ನು ನೋಡಿ ಆಧಾರ್. ಎಲ್ಲದರಲ್ಲೂ 1970. "ನನಗ ಅರವತ್ತ ತುಂಬಾಕ ಇನ್ನ ಭಾಳ ದಿನ ಅದಾವ್ರಿ. ಆದರ ಕಾಗದದಾಗ ನಾಕು ವರ್ಸ ಮುಂಚೇನ ತುಂಬತೈತಿ. ಆ ನಾಕು ವರ್ಸ ನೀವು ಬರ್ದಿದ್ದು, ಮಾಸ್ತರ್ರ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಹೇಳುವವರ ದನಿ.

ಮರುದಿನ ಈಗಿನ ಕಾರ್ಯದರ್ಶಿಯನ್ನು ಕರೆದುಕೊಂಡು ದೇವಾಲಯದ ಕಪಾಟು ತೆಗೆಸಿದೆ. 1974ರ ದೀಕ್ಷಾಸ್ನಾನದ ಪುಸ್ತಕದ ಅಂಚುಗಳನ್ನು ಗೆದ್ದಲು ತಿಂದಿತ್ತು, ಆದರೆ ಅವಳ ಸಾಲು ಉಳಿದಿತ್ತು. ಅದರ ನಕಲನ್ನು ತೆಗೆದು, 1988ರಲ್ಲಿ ನಾನು ಕೊಟ್ಟ ಪತ್ರ ಸುಳ್ಳೆಂದು ಬೇರೊಂದು ಹಾಳೆಯಲ್ಲಿ ಬರೆದು, ಸಹಿ ಮಾಡಿ ಅವಳ ಕೈಗೆ ಕೊಟ್ಟಿದ್ದೇನೆ. ಅವಳು ಅದನ್ನು ತೆಗೆದುಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾಳೆ. ಮುಂದಿನ ಸೋಮವಾರ ನಾನೂ ಜೊತೆಗೆ ಹೋಗುವವನಿದ್ದೇನೆ.